ಯಾರೂ ಕೇಳದ ಕಲ್ಲು

ಆಗ ನನಗೆ ಅರವತ್ತು ದಾಟಿತ್ತು. ಆ ಮಾತಿಗೆ ಈಗ ಹದಿನಾಲ್ಕು ವರ್ಷ. ನಾನು ಮೂರನೆಯ ಇಯತ್ತೆ ಮುಗಿಸಿದವಳಲ್ಲ, ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯ ಬದಿಗೆ ನನ್ನದೊಂದು ಎರೆ ಹೊಲವಿದೆ. ಗಂಡನದಲ್ಲ, ತವರಿನಿಂದ ಬಂದದ್ದು. ಅದರಲ್ಲಿ ಒಂದು ಬಾವಿ. ಅದು ಬಿಟ್ಟರೆ ನನ್ನದು ಅಂತ ಈ ಭೂಮಿಯ ಮೇಲೆ ಏನೂ ಇಲ್ಲ.

ಆ ಬೇಸಗೆಯಲ್ಲಿ ದೊಡ್ಡ ಲಾರಿಯ ಮೇಲೆ ಯಂತ್ರ ಹೇರಿಕೊಂಡು ಜನ ಬಂದರು. ಪಕ್ಕದ ಹೊಲ ನನ್ನ ಮೈದುನನದು, ಮೊದಲು ಅಲ್ಲಿ ನಿಲ್ಲಿಸಿದರು. ನೆಲ ಕೊರೆಯುವುದು ಅಂದರೆ ನಮ್ಮವರಿಗೆ ಬೋರು, ಬೋರು ಅಂದರೆ ನೀರು. ಯಾಕೆ ಬಂದಿದ್ದೀರಿ ಅಂತ ಮೈದುನ ಒಂದು ಮಾತು ಕೇಳಲಿಲ್ಲ. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿದ, ಕಾಯಿ ಒಡೆದ, ಸರ್ಕಾರ ಪುಕ್ಕಟೆ ಬೋರು ಹಾಕಿಸುತ್ತಿದೆ ಅಂತ ಓಣಿಯೆಲ್ಲ ಹೇಳಿಕೊಂಡು ಬಂದ. ನೀರು ಬಂತು ಕೂಡ. ಬಂದ ನೀರು ನೋಡಿ ಅವರು ಮುಖ ಸಿಂಡರಿಸಿದರು. ಒನಕೆಯಂಥ ಕಲ್ಲಿನ ತುಂಡುಗಳನ್ನಷ್ಟೇ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು, ತೂತಿಗೆ ಸಿಮೆಂಟು ಸುರಿದು ಮುಚ್ಚಿದರು. ಮೈದುನ ಬಾಯಿ ತೆರೆದು ನಿಂತ.

"ಬಂದ ಗಂಗವ್ವನ ಬಾಯಿಗೆ ಸಿಮೆಂಟ ಬಡದ್ರಲ್ಲೋ," ಅಂದೆ. "ಕಾಯಿ ಒಡದಾಂವ ನೀನು. ಹೋಗು, ಹೋಳಾದ್ರೂ ಇಸ್ಕೊಂಡು ಬಾ."

ಅದೇ ಸಂಜೆ ಅವರ ಸಾಹೇಬ ನಮ್ಮ ಮನೆಗೆ ಬಂದ. ಕರೆದುಕೊಂಡು ಬಂದವನು ನನ್ನ ಮಗ. ಅವನಿಗೆ ಜೀಪು ಹೊಡೆಯುವ ಕೆಲಸ ಕೊಡುತ್ತೇವೆ ಅಂದಿದ್ದರಂತೆ. ಮರುದಿನ ಬೆಳಗ್ಗೆ ನನ್ನ ಹೊಲದಲ್ಲಿ ಯಂತ್ರ ನಿಲ್ಲಿಸಲು ಇವನು ಹೂಂ ಅಂದಿದ್ದ. ಹೊಲ ನನ್ನದು, ಹೂಂ ಇವನದು. ಅವರು ಹುಡುಕುವ ಕಲ್ಲು ಸಿಕ್ಕರೆ ಹೊಲವೂ ಹೋಯಿತು, ಬಾವಿಯೂ ಹೋಯಿತು. ಅಷ್ಟು ನನಗೆ ತಿಳಿಯುತ್ತಿತ್ತು.

"ಏನ್ ಕಲ್ಲರಿ ಅದು?" ಅಂದೆ.

"ಯುರೇನಿಯಂ, ಅಮ್ಮಾ. ಅದರಿಂದ ಕರೆಂಟು ಮಾಡುತ್ತಾರೆ."

"ಬಾಂಬು?" ಅಂದೆ. ಆ ಹೆಸರು ರೇಡಿಯೋದ ಸುದ್ದಿಯಲ್ಲಿ ಕೇಳಿದ್ದೆ.

ಸಾಹೇಬ ಚಹಾದ ಬಟ್ಟಲು ಕೆಳಗಿಟ್ಟ. "ನಾವು ಕಲ್ಲು ಹುಡುಕುವವರು. ಮುಂದಿನದು ನಮ್ಮ ಕೈಯಲ್ಲಿಲ್ಲ."

ಮಗ ನಡುವೆ ಬಾಯಿ ಹಾಕಿದ. "ಆದ್ರ ಆಗಲಿ ತಗೋ ಯವ್ವಾ. ಪಾಕಿಸ್ತಾನದಾವ್ರ ಕಡೆ ಐತಿ, ಚೀನಾದಾವ್ರ ಕಡೆ ಐತಿ. ನಾವಷ್ಟ ಬಳಿ ತೊಟ್ಕೊಂಡು ಕುಂದರೂಣೇನು?"

"ಬಳಿ ತೊಟ್ಟ ಕೈಲೇನ ನಿನ್ನ ಮುಕಳಿ ತೊಳದೇನಿ. ಸುಮ್ಮ ಕುಂದರು." ಆಮೇಲೆ ಸಾಹೇಬನ ಕಡೆ ತಿರುಗಿದೆ. "ಹೊರಗಿನ ದೇಶದಿಂದ ತರಾಕ ಬರೂದಿಲ್ಲೇನ್ರಿ?"

"ತರುತ್ತೇವೆ. ಆದರೆ ತಂದದ್ದಕ್ಕೆ ಲೆಕ್ಕ ಕೊಡಬೇಕು. ಬಾಂಬು ಮಾಡೋದಿಲ್ಲ ಅಂತ ಒಪ್ಪಿಕೊಳ್ಳಬೇಕು, ಅವರ ಜನ ಬಂದು ತಪಾಸಣೆ ಮಾಡುತ್ತಾರೆ. ನಮ್ಮ ನೆಲದ ಕಲ್ಲಾದರೆ ಯಾರೂ ಕೇಳೋ ಹಾಗಿಲ್ಲ." ಒಳ್ಳೆಯ ಸುದ್ದಿ ಹೇಳಿದವನ ಹಾಗೆ ನಕ್ಕ.

ನನ್ನ ಗಂಡನಿಗೆ ಗಾಣವಿತ್ತು. ಕಬ್ಬು ಅರೆದು ಬೆಲ್ಲ ಕಾಯಿಸುತ್ತಿದ್ದ. ಬೆಲ್ಲ ಹೋಳಿಗೆಗೂ ಆಗುತ್ತದೆ, ಕೊಳೆ ಹಾಕಿದರೆ ಕಳ್ಳಭಟ್ಟಿಗೂ ಆಗುತ್ತದೆ. ಅದಕ್ಕೇ ಕರಿ ಬೆಲ್ಲ ಯಾರಿಗೆ ಕೊಟ್ಟೆ ಅಂತ ಪೊಲೀಸರು ಬಂದು ವಿಚಾರಿಸುತ್ತಿದ್ದರು. ಮಾರಿದ್ದಕ್ಕೆ ಕೇಳುತ್ತಿದ್ದರು, ಮನೆಯಲ್ಲಿಟ್ಟುಕೊಂಡದ್ದಕ್ಕೆ ಕೇಳುತ್ತಿರಲಿಲ್ಲ. ಆ ಕೇಳದ ಬೆಲ್ಲವೇ ಗಡಿಗೆಯಲ್ಲಿ ಕೊಳೆಯಿತು. ಆಚೆ ಮನೆಯವನು ಭಟ್ಟಿ ಹಚ್ಚಿದ ಅಂತ ಇವನೂ ಹಚ್ಚಿದ. ಇವನು ಹಚ್ಚಿದ ಅಂತ ಹಿಂದಿನ ಓಣಿಯವರು ಹಚ್ಚಿದರು. ಒಬ್ಬನಿಗೂ ತಾನು ಕಳ್ಳ ಅನ್ನಿಸಲಿಲ್ಲ, ಎಲ್ಲರೂ ಇನ್ನೊಬ್ಬನ ಗಡಿಗೆ ತೋರಿಸುವವರೇ. ನನ್ನ ಗಂಡ ಅದನ್ನೇ ಕುಡಿದು ರಕ್ತ ಕಾರಿ ಸತ್ತ. ನಾನು ಅಳಲಿಲ್ಲ. ಬೆಲ್ಲ ಕಾಯಿಸುವ ಕೊಪ್ಪರಿಗೆ ಮಾರಿದೆ.

"ಸಾಹೇಬ್ರ," ಅಂದೆ, "ಯಾರೂ ಕೇಳಂಗಿಲ್ಲ ಅಂದ್ರ ಅದು ಭಟ್ಟಿ ಬೆಲ್ಲರಿ. ನಾ ಕೊಡಂಗಿಲ್ಲ."

ಬೆಲ್ಲದ ಮಾತು ಅವನಿಗೆ ಎಲ್ಲಿ ತಿಳಿಯಬೇಕು. "ನಿಮ್ಮ ಬಾವಿಯ ಪಂಪು ಯಾತರ ಮೇಲೆ ನಡೆಯುತ್ತೆ ಅಮ್ಮಾ? ಕರೆಂಟು ಬೇಡವೇ?" ಅಂದ. ಪಂಪು ಕರೆಂಟಿನದೇ. "ನಿಮ್ಮ ಮಗ ಒಪ್ಪಿದ್ದಾನೆ, ಬೆಳಗ್ಗೆ ಲಾರಿ ಬರುತ್ತದೆ," ಅಂತ ಹೇಳಿ ಎದ್ದು ಹೋದ. ಉಳಿದ ಚಹಾದಲ್ಲಿ ನೊಣ ಬಿತ್ತು.

"ನೀ ಒಬ್ಬಾಕಿ ಬ್ಯಾಡ ಅಂದ್ರ ಜಗತ್ತಿನಾಗಿನ ಬಾಂಬೆಲ್ಲಾ ನಿಂದ್ರತಾವೇನು?" ಅಂದ ಮಗ.

"ನಿಂದ್ರೂದಿಲ್ಲ. ಅದರಾಗ ನನ್ನ ಹೊಲದ ಕಲ್ಲು ಇರೂದಿಲ್ಲ, ಅಷ್ಟ."

"ಮಂದಿ ನಗತಾರ."

"ಯಂತ್ರಕ್ಕ ಕುಂಕುಮ ಹಚ್ಚಿದ ಮಂದೀನ ಹೌದಿಲ್ಲೋ? ನಗಲಿ."

ಅವನು ಉಣ್ಣದೆ ಮಲಗಿದ. ರೊಟ್ಟಿ ಎಮ್ಮೆಗೆ ಹಾಕಿದೆ.

ಸಾಹೇಬನಿಗೆ ಕಲ್ಲು ಗೊತ್ತಿತ್ತು. ಅದರ ಮೇಲಿನ ಮಣ್ಣನ್ನು ಬೇಸಗೆಯಲ್ಲಷ್ಟೇ ನೋಡಿದ್ದ. ಎರೆ ಮಣ್ಣು ಒಣಗಿದಾಗ ಡಾಂಬರು ರಸ್ತೆ. ನೀರು ಕುಡಿದರೆ ಎತ್ತಿನ ಕಾಲನ್ನೂ ಕಚ್ಚಿ ಹಿಡಿಯುತ್ತದೆ, ಬಿಡುವುದಿಲ್ಲ. ಮರುದಿನ ಬೆಳಗ್ಗೆ, ಲಾರಿ ಬರುವ ಮೊದಲೇ, ಕರೆಂಟು ಬಂದ ಕೂಡಲೇ ಪಂಪು ಚಾಲೂ ಮಾಡಿದೆ. ಸೀರೆಯ ಕಚ್ಚೆ ಹಾಕಿ, ಸಲಿಕೆ ಹಿಡಿದು, ಲಾರಿ ಇಳಿಯುವ ದಾರಿಯಿಂದ ಮೈದುನನ ಬದುವಿನ ತನಕ, ಬಿತ್ತದ ಹೊಲಕ್ಕೆ ನೀರು ಹಾಯಿಸಿದೆ.