ಅಕ್ಕನಿಗೆ ಕಂಡ ಜೇಡ

ನಾನು ಚಿಕ್ಕವನಿದ್ದಾಗ, ಆರು ವರ್ಷವೋ ಏಳೋ, ಅಕ್ಕನ ಕಣ್ಣುಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎಲ್ಲವೂ ಅವಳಿಗೇ ಮೊದಲು ಕಾಣುತ್ತಿತ್ತು. ಅಪ್ಪನೂ ಏನಿದ್ದರೂ ಅವಳನ್ನೇ ಕೇಳುತ್ತಿದ್ದ.

ಕಿರಂಗೂರಿನ ನಮ್ಮ ಗದ್ದೆಗೆ ನಾಲೆಯ ನೀರು ಬಂದಿತ್ತು. ನಾಟಿಗೆ ಮುಂಚೆ ಅಪ್ಪ ಗುದ್ದಲಿಯಿಂದ ಬದುವಿನ ಹುಲ್ಲು ಕೆತ್ತುತ್ತ ಹೋಗುತ್ತಿದ್ದ. ಹಿಂದಿನಿಂದ ನಾವಿಬ್ಬರೂ ಏಡಿ ಬಿಲಗಳಿಗೆ ಕೆಸರು ಮೆತ್ತಬೇಕು; ಇಲ್ಲದಿದ್ದರೆ ನೀರು ಪಕ್ಕದ ಗದ್ದೆಗೆ ಸೋರಿಹೋಗುತ್ತದೆ. ಕೆತ್ತಿದ ಹುಲ್ಲಿನ ಹಸಿ ವಾಸನೆ, ಉಗುರೊಳಗೆ ತಣ್ಣನೆಯ ಕೆಸರು, ಬೆನ್ನಿಗೆ ಬಿಸಿಲು. ನೆನಪಿನಲ್ಲಿ ಯಾವಾಗಲೂ ಬಿಸಿಲೇ ಇರುತ್ತದೆ. ಪೂರ್ತಿ ನಂಬಬೇಡಿ.

"ಅಪ್ಪಾ, ಕೆತ್ಬ್ಯಾಡ, ನಿಂತ್ಕೊ!" ಎಂದು ಅಕ್ಕ ಕೂಗಿದಳು. "ಇಲ್ಲೊಂದು ಜೇಡ ಮೊಟ್ಟೆ ಇಟ್ಕಂಡು ಕುಂತದೆ."

ಹುಲ್ಲಿನ ಬುಡದಲ್ಲಿ ಹೆಬ್ಬೆರಳಷ್ಟು ತೂತು. ಅದರ ಬಾಯಲ್ಲಿ ಮಣ್ಣಿನ ಬಣ್ಣದ ಜೇಡ. ಬಲೆ ಎಲ್ಲೂ ಇಲ್ಲ. ನೆಲದ ಮೇಲೇ ಓಡಿ ಹುಳ ಹಿಡಿಯುವ ಜಾತಿ ಅದು. ಹಿಂಬದಿಗೆ ಅಂಟಿಸಿಕೊಂಡಿದ್ದ ಬಿಳಿ ಮೊಟ್ಟೆಚೀಲವನ್ನು ಬಿಸಿಲಿಗೆ ಒಡ್ಡಿತ್ತು.

"ನಿನ್ನ ಕಣ್ಣು ಬಲು ಚುರುಕು ಕಣವ್ವ," ಎಂದ ಅಪ್ಪ, ಒಂದು ಗೇಣು ಬದುವನ್ನು ಕೆತ್ತದೆ ಬಿಟ್ಟು ಮುಂದೆ ಹೋದ. ಪಕ್ಕದ ಗದ್ದೆಯವರಿಗೆ ಒಂದು ಬೆರಳು ಬದುವನ್ನೂ ಬಿಟ್ಟುಕೊಟ್ಟವನಲ್ಲ ಅಪ್ಪ!

ನನಗೆ ಮೈಯೆಲ್ಲ ಉರಿಯಿತು. ಅಕ್ಕ ಕುಡಿಯುವ ನೀರು ತರಲು ಹೋದಳು. ನಾನು ತೂತಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ನನ್ನ ನೆರಳಿಗೆ ಜೇಡ ಒಳಗೆ ಸರಿಯಿತು. ಎರಡು ಹಿಡಿ ಕೆಸರು ಮೆತ್ತಿ, ಅಂಗೈಯಿಂದ ನುಣ್ಣಗೆ ಸವರಿದೆ.

ಅಪ್ಪ ತಿರುಗಿ ಬಂದ. ಜೇಡದ ವಿಷಯ ಅವನಿಗೆ ಮರೆತೇಹೋಗಿತ್ತು. "ಇಷ್ಟು ಚೆಂದಾಗಿ ಮೆತ್ತಿರೋದು ನೀನೇನ್ಲಾ? ದೊಡ್ಡೋನಾಗ್ಬುಟ್ಟೆ ಕಣ್ಲಾ!" ಎಂದು ಬೆನ್ನು ತಟ್ಟಿದ. ಎಷ್ಟು ದಿನದಿಂದ ಕಾದಿದ್ದ ಮಾತು!

ಅಕ್ಕನಿಗೆ ಬಂದ ತಕ್ಷಣ ಕಂಡಿತು. "ಯಾಕ್ಲಾ ಅದ್ರ ಮ್ಯಾಲೇ ಮೆತ್ಬುಟ್ಟೆ?"

"ಏಡಿ ಬಿಲ ಅನ್ಕಂಡೆ."

"ಸುಳ್ಬುರುಕ!" ಎಂದವಳೇ ಬೆರಳುಗಳಿಂದ ಕೆಸರು ಬಗೆಯತೊಡಗಿದಳು.

ಜೇಡ ಬದುಕಿತ್ತು, ಚೀಲವನ್ನು ಬಿಡದೆ ಹುಲ್ಲೊಳಗೆ ಓಡಿತು ಎಂದು ಈಗ ಬೂಕನಕೆರೆಯಲ್ಲಿರುವ ಅಕ್ಕ ಇವತ್ತಿಗೂ ಹೇಳುತ್ತಾಳೆ. ನನಗೆ ನೆನಪಿರುವುದು ಬರೀ ಕೆಸರು. ನನ್ನ ಸಮಾಧಾನಕ್ಕೆ ಹಾಗೆ ಹೇಳುತ್ತಾಳೋ, ಅಥವಾ ಆವತ್ತೂ ಅವಳೊಬ್ಬಳಿಗೇ ಕಂಡಿತೋ? ಕಂಡಿದ್ದರೆ, ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ನನ್ನ ಮೊಮ್ಮಕ್ಕಳು ಮೊಬೈಲಿನಲ್ಲಿ ಆ ಜಾತಿಯ ಹೆಸರು, 'ತೋಳ ಜೇಡ' ಎಂದು ಹುಡುಕಿದರೆ ಸಾಕು, ಎಂಟೂ ಕಣ್ಣು ಎಣಿಸುವಷ್ಟು ದೊಡ್ಡದಾಗಿ ಇಬ್ಬರಿಗೂ ಒಟ್ಟಿಗೇ ಕಾಣುತ್ತದೆ. ಅಲ್ಲಿ ಯಾರೂ ಮೊದಲಲ್ಲ. ಆದರೂ ಮೊನ್ನೆ ಗದ್ದೆಯಲ್ಲಿ ಮೊಮ್ಮಗಳು ತಾನೇ ತೆಗೆದ ಜೇಡದ ಫೋಟೊವನ್ನು ನಾನು ಬಾಯ್ತುಂಬ ಹೊಗಳಿದೆ. ಮನೆಗೆ ಬಂದ ಸ್ವಲ್ಪ ಹೊತ್ತಿಗೆ ನೋಡಿದರೆ, ಅವಳ ತಮ್ಮನ ಬೆರಳು ಆ ಫೋಟೊ ಅಳಿಸುವ ಗುಂಡಿಯ ಮೇಲಿತ್ತು. ನಾನು ಬೈಯಲಿಲ್ಲ. ಜಗಲಿಯ ಮೇಲೆ ಪಕ್ಕಕ್ಕೆ ಸರಿದು, ಅವನಿಗೆ ಕೂರಲು ಜಾಗ ಮಾಡಿದೆ.