ಅಜ್ಜಿಯ ಮುಂಗೈ ಮೇಲಿನ ಬಳ್ಳಿ

ನಮ್ಮ ಆಫೀಸಿನಲ್ಲಿ ಯಾರಿಗೆ ಮೊದಲ ಹಚ್ಚೆ ಹಾಕಿಸಿಕೊಳ್ಳುವ ಹುಕಿ ಬಂದರೂ ಸೀದಾ ನನ್ನ ಕುರ್ಚಿಯ ಹತ್ತಿರ ಬರುತ್ತಾರೆ. ಕಾರಣ ನನ್ನ ಬಲ ಮುಂಗೈ. ಅಲ್ಲೊಂದು ಅರ್ಧಕ್ಕೆ ನಿಂತ ಹಚ್ಚೆ ಇದೆ: ಒಂದು ಚೌಕ, ಮೂರು ಬದಿಗೆ ಚುಕ್ಕಿ, ಮೂಲೆಯಿಂದ ಮೊಣಕೈ ಕಡೆಗೆ ಜಿಗಿದು ಅಲ್ಲೇ ಸತ್ತುಹೋದ ಒಂದು ಗಿಡ್ಡ ಗೆರೆ. ನಮ್ಮ ಆಫೀಸಿರುವ ಕೊಂಡಾಪುರದ ಹುಡುಗರಿಗೆ ಇದು ಯಾವುದೋ ಹೊಸ ಫ್ಯಾಷನ್. ನಾನೂ ಹೌದೆಂದು ತಲೆಯಾಡಿಸಿ, ದೊಡ್ಡ ಮನುಷ್ಯನ ದನಿ ತೆಗೆದು ಸಲಹೆ ಕೊಡುತ್ತೇನೆ.

ಹೊಟ್ಟೆ ತುಂಬ ಉಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋದ ವೀರರು ಕುರ್ಚಿಯಿಂದ ಜಾರಿದ್ದನ್ನು ಕಂಡಿದ್ದೇನೆ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಸಿ. ಗೋಡೆಯ ಮೇಲಿನ ಹುಲಿಗೆ ಮರುಳಾಗಬೇಡಿ, ನಿಮ್ಮ ಸಣಕಲು ತೋಳಿಗೆ ಬರುವಷ್ಟರಲ್ಲಿ ಅದು ಬೆಕ್ಕಾಗಿರುತ್ತದೆ. ಹುಡುಗಿಯ ಹೆಸರು ಬರೆಸುವವರು ಒಂದು ಬೇಸಿಗೆ ಕಾಯಿರಿ. ಹೊಪ್ಪಳೆ ಎದ್ದಾಗ ಎಷ್ಟು ತುರಿಸಿದರೂ ಕೆರೆಯಬೇಡಿ. ಇಷ್ಟಕ್ಕೆಲ್ಲ ನಗುತ್ತಾರೆ. ಕೊನೆಯದಾಗಿ ಇನ್ನೊಂದು ಹೇಳುತ್ತೇನೆ: ಇನ್ನೊಬ್ಬರ ಮೈಮೇಲಿನ ಹಚ್ಚೆಯನ್ನು ನಕಲು ಮಾಡಿಸುವುದಾದರೆ, ಅದರ ಒಂದೊಂದು ಗೆರೆಯೂ ಅಲ್ಲಿಗೆ ಹೇಗೆ ಬಂತು ಎಂದು ಮೊದಲು ವಿಚಾರಿಸಿ. ಇದಕ್ಕೆ ಇನ್ನೂ ಜೋರಾಗಿ ನಗುತ್ತಾರೆ. ನಾನು ಗಂಭೀರವಾಗಿ ಹೇಳಿದ್ದನ್ನು ಯಾರೂ ನಂಬಿದ ಉದಾಹರಣೆಯೇ ಇಲ್ಲ.

ಅದಕ್ಕೆ ಕಾರಣವೂ ನಾನೇ. ಮುಖ ನೋಡಿದರೆ ಎರಡನೇ ಸಲ ನೋಡಬೇಕೆನಿಸದ ನನಗೆ ಬಾಯಿಯೊಂದೇ ಆಸ್ತಿ. ಒಮ್ಮೆ ಕೇಳಿದ ದನಿಯನ್ನು ಹಾಗೆಯೇ ತೆಗೆಯಬಲ್ಲೆ. ಅಪ್ಪನ ದನಿಯಲ್ಲಿ ಹಾಲಿನವನನ್ನು ಗದರಿಸಿದ್ದೇನೆ, ಅಪ್ಪನ ಸಾಹೇಬರ ದನಿಯಲ್ಲಿ ಫೋನು ಮಾಡಿ ಅಪ್ಪನನ್ನೇ ಎದ್ದು ನಿಲ್ಲಿಸಿದ್ದೇನೆ. ನನ್ನ ಸ್ವಂತ ದನಿ ಹೇಗಿತ್ತೆಂಬುದನ್ನು ಮನೆಯವರು ಮರೆತು ಯಾವ ಕಾಲವಾಯಿತೋ.

ನಮ್ಮದು ಕಲಬುರ್ಗಿ ಕಡೆಯ ಮನೆತನ. ಮುತ್ತಜ್ಜನ ಕಾಲಕ್ಕೇ ಸರ್ಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದವರು. ದಿಲ್‌ಸುಖ್‌ನಗರದ ಒಂದು ಓಣಿಯಲ್ಲಿ, ಹೊರಗೆ ತೆಲುಗು ಒಳಗೆ ಕನ್ನಡ ಆಡಿಕೊಂಡು ಇದ್ದೇವೆ. ಮೆಟ್ರೋಗೆಂದು ಹೆದ್ದಾರಿ ಅಗೆದು ಧೂಳೆಬ್ಬಿಸುತ್ತಿದ್ದ ವರ್ಷ ಅಜ್ಜಿಗೆ, ಅಂದರೆ ಅಪ್ಪನ ಅವ್ವನಿಗೆ, ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು; ಜೊತೆಗೆ ಮಾತೂ ಹೋಯಿತು. ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವಳು ಅವಳೇ. ಆ ಮೌನವನ್ನು ತಡೆಯಲಾಗದೆ ಒಂದು ಬೆಳಿಗ್ಗೆ ನಾನು ಅವಳ ಮಂಚದ ಪಕ್ಕ ಕೂತು ಅವಳದೇ ದನಿ ತೆಗೆದೆ.

"ಏ ಖೋಡಿ, ಚಹಾದಾಗ ಸಕ್ಕರಿ ಹಾಕು ಅಂದ್ರ ನಿಮ್ಮವ್ವ ಉಪ್ಪಿಟ್ಟಿಗೆ ಹಾಕ್ಯಾಳ ನೋಡು!"

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು. ಆಮೇಲೆ ನಕ್ಕಳು, ಆಮೇಲೆ ಅತ್ತಳು. ಅಂದಿನಿಂದ ಅದು ನನ್ನ ಕೆಲಸವೇ ಆಯಿತು. ಅಜ್ಜಿ ಕಣ್ಣು ಹೊರಳಿಸುತ್ತಿದ್ದಳು, ಎಡಗೈ ಆಡಿಸುತ್ತಿದ್ದಳು; "ಏನಂತಾಳೋ?" ಎಂದು ಮನೆಯವರು ನನ್ನನ್ನು ಕೇಳುತ್ತಿದ್ದರು, ನಾನು ಅವಳ ದನಿಯಲ್ಲಿ ಹೇಳುತ್ತಿದ್ದೆ. ಫ್ಯಾನು ಹಾಕ್ರಿ. ಹುಳಿ ಸಪ್ಪಗಾಗೇತಿ. ಮಗ್ಗಲಾ ಹೊಳ್ಳಸ್ರಿ. ಬಹಳ ಸಲ ಸರಿಯಾಗಿಯೇ ಇರುತ್ತಿತ್ತು.

ಆಮೇಲೊಂದು ದಿನ ಅಮ್ಮ ಮೆಲ್ಲಗೆ ಹೇಳಿದಳು, "ಅಕಿ ತುಟಿ ನೋಡೋ. ನಿನ್ನ ಕೂಡ ಅವೂ ಆಡಾಕತ್ತಾವ."

ಹೌದು. ನಾನು ಆಡಿದ ಪ್ರತಿ ಶಬ್ದಕ್ಕೂ ಅಜ್ಜಿಯ ತುಟಿ ಸದ್ದಿಲ್ಲದೆ ಕುಣಿಯುತ್ತಿತ್ತು. ಮೊದಮೊದಲು ನನಗೆ ಹೆಮ್ಮೆಯಾಯಿತು. ಆದರೆ ದಿನ ಕಳೆದಂತೆ ಲೆಕ್ಕ ತಪ್ಪತೊಡಗಿತು: ತುಟಿ ಮೊದಲು ಆಡುವುದು, ನನ್ನ ಮಾತು ಹಿಂದೆ ಹೊರಡುವುದು. ಒಂದು ಸಂಜೆ ನಾನು ಸುಮ್ಮನೆ ಕೂತು ಸೇಂಗಾ ಸುಲಿಯುತ್ತಿದ್ದಾಗ ನನ್ನ ಬಾಯಿಂದ ಅವಳ ದನಿ ಬಂತು: "ಬಾಗಿಲಾ ಹಾಕ್ರಿ. ಆ ಹೆಣ್ಮಕ್ಕಳು ಬರಾಕತ್ತಾರ."

"ಯಾವ ಹೆಣ್ಮಕ್ಕಳೋ?" ಅಪ್ಪ ಕೇಳಿದ. ಓಣಿಯಲ್ಲಿ ಯಾರೂ ಇರಲಿಲ್ಲ. ಟೀವಿಯಲ್ಲಿ ಧಾರಾವಾಹಿಯೊಂದರ ಅತ್ತೆ ಸೊಸೆಯರು ಕಿರುಚುತ್ತಿದ್ದರು. "ಅವರೇ ಇರಬೇಕು," ಎಂದು ಎಲ್ಲರನ್ನೂ ನಗಿಸಿ ಪಾರಾದೆ. ಬಾಗಿಲನ್ನು ಮಾತ್ರ ಎದ್ದು ಹಾಕಿ ಬಂದೆ.

ಊರಿನ ಇನ್ನೊಂದು ತುದಿಯ ಮಿಯಾಪುರದಿಂದ ಅತ್ತೆ, ಅಪ್ಪನ ಅಕ್ಕ, ನೋಡಲು ಬಂದಳು. ಸೀರೆ ಉಡಿಸುವುದು ಕಷ್ಟವೆಂದು ಅಮ್ಮ ಆಗಲೇ ಅಜ್ಜಿಗೆ ಗಿಡ್ಡ ತೋಳಿನ ನೈಟಿ ಹಾಕುತ್ತಿದ್ದಳು. ಅತ್ತೆ ಅವಳ ಬಲಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ನೋಡಿಯೇ ನೋಡಿದಳು. ಮುಂಗೈ ಒಳಮೈಯಲ್ಲಿ ಹಸಿರು ಹಚ್ಚೆ: ಚೌಕ, ನಾಲ್ಕೂ ಕಡೆ ಚುಕ್ಕಿ, ಮೂಲೆಯಿಂದ ಹೊರಟು ಮೊಣಕೈವರೆಗೆ ವಾರೆವಾರೆಯಾಗಿ ಹರಿದ ಒಂದು ಗೆರೆ.

"ಹಡೆದ ಮಗಳಿಗೂ ತೋರಿಸಿರಲಿಲ್ಲ ನೋಡು. ಯಾವಾಗಲೂ ಮಣಿಕಟ್ಟಿನ ತನಕ ಕುಪ್ಪಸ. ಎಷ್ಟು ಚಂದ ಬಳ್ಳಿ ಐತಿ!" ಎಂದಳು ಅತ್ತೆ. "ಆಗ ಹಂಗ ಇತ್ತು ನೋಡು, ಹಚ್ಚಿ ಇಲ್ಲದ ಸೊಸಿ ಕೈಯಾಗಿನ ನೀರು ಅತ್ತಿ ಆದಾಕಿ ಮುಟ್ಟತಿರಲಿಲ್ಲ. ಸಣ್ಣ ಹುಡುಗಿ ಇರಲಿ, ಮನಿ ತುಂಬಿಸಿಕೊಂಡ ಕೂಡ್ಲೆ ಹಾಕಸ್ತಿದ್ರು."

ಅಜ್ಜಿ ಎಡಗೈಯಿಂದ ಆ ಹಚ್ಚೆಯನ್ನು ಸವರತೊಡಗಿದಳು. ಮೇಲೆ ಕೆಳಗೆ, ಮೇಲೆ ಕೆಳಗೆ. ನೋಡಲು ಬಂದ ಪ್ರತಿಯೊಬ್ಬರ ಮುಂದೆಯೂ ಅವಳು ಹೀಗೆ ಮಾಡುತ್ತಿದ್ದಳು. ತವರಿನ ನೆನಪು ಎಂದು ಒಬ್ಬರು, ಅಜ್ಜನ ನೆನಪು ಎಂದು ಇನ್ನೊಬ್ಬರು. ಅವಳೇನು ಹೇಳಲು ಒದ್ದಾಡುತ್ತಿದ್ದಾಳೆ ಎಂಬುದೊಂದೇ ಮನೆಯ ಚಿಂತೆಯಾಗಿತ್ತು. ಅದನ್ನು ಹೇಳದೆಯೇ ಹೋಗಿಬಿಟ್ಟರೆ ಎಂದು ಅಪ್ಪ ಊಟ ಬಿಟ್ಟು ಏಳುತ್ತಿದ್ದ.

"ಏನಂತಾಳೋ? ಹೇಳೋ!" ಅತ್ತೆ ನನ್ನ ಭುಜ ಅಲುಗಿಸಿದಳು.

ಎಲ್ಲರ ಕಣ್ಣೂ ನನ್ನ ಮೇಲೆ. ಅಂಥ ಸಭೆ ಸಿಕ್ಕಾಗ ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಅಜ್ಜಿಯ ದನಿ ತೆಗೆದೆ: "ನೀನೂ ಇಂಥಾದ್ದೊಂದು ಹಾಕಿಸ್ಕೋ ಮಗನ. ಸತ್ತ ಮ್ಯಾಲೆ ಸಂಗಾಟ ಬರೋ ಒಡವಿ ಇದೊಂದ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಗಮನಿಸಿದೆ: ಈ ಸಲ ಅಜ್ಜಿಯ ತುಟಿ ಆಡಿರಲಿಲ್ಲ. ಬಿಗಿಯಾಗಿ ಮುಚ್ಚಿತ್ತು.

ಆದರೆ ಆಜ್ಞೆ ಹೊರಟಾಗಿತ್ತು. ಹೇಳಿದವನು ನಾನು, ಪಾಲಿಸಬೇಕಾದವನೂ ನಾನು. ಇಂಥ ಗತಿ ಯಾವ ಮಿಮಿಕ್ರಿ ಕಲಾವಿದನಿಗೂ ಬಂದಿರಲಿಕ್ಕಿಲ್ಲ. ಹಚ್ಚೆಯ ಫೋಟೋ ತೆಗೆಯಬೇಕಿತ್ತು. ಅಜ್ಜಿ ಎಡಗೈಯನ್ನು ಮತ್ತೆ ಮತ್ತೆ ಅದರ ಮೇಲೆ ತರುತ್ತಿದ್ದಳು. "ತಡಿರಿ, ಒಂದ ನಿಮಿಷ," ಎಂದು ಅಮ್ಮ ಆ ಕೈ ಹಿಡಿದಳು, ಅತ್ತೆ ಭುಜ ಹಿಡಿದಳು, ನಾನು ಮೊಬೈಲು ಹಿಡಿದೆ.

ತೆಲಂಗಾಣ ಚಳವಳಿಯ ಬಂದ್ ಇಲ್ಲದ ಒಂದು ಭಾನುವಾರ ಮಧ್ಯಾಹ್ನ ಹೊರಟೆ. ಹಚ್ಚೆ ಅಂಗಡಿ ಬಸ್ ಡಿಪೋದ ಹಿಂದೆ, ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ನೂರಾರು ಹುಡುಗರು ಒಂದೇ ರಾಗದಲ್ಲಿ ಸೂತ್ರ ಒಪ್ಪಿಸುತ್ತಿದ್ದ ಸದ್ದು ನೆಲದ ಮೂಲಕ ಹತ್ತಿ ಅಂಗಾಲಿಗೆ ತಾಗುತ್ತಿತ್ತು. ಹಚ್ಚೆ ಹಾಕುವವನು ನನ್ನ ವಯಸ್ಸಿನ ತೆಳ್ಳನೆಯ ಹುಡುಗ. ಫೋಟೋ ನೋಡಿ ಮೂಗು ಮುರಿದ.

"ಯೇ ಲೈನ್ ಟೇಢಾ ಹೈ ಭಾಯ್. ಸೀದಾ ಕರ್ ದೂಂ?" ಗೆರೆ ಸೊಟ್ಟಗಿದೆ, ನೆಟ್ಟಗೆ ಮಾಡಲೇ ಎಂದ.

"ನಕ್ಕೋ," ಬೇಡ ಎಂದೆ. ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ನಕಲಿನ ವಿಷಯದಲ್ಲಿ ನಾನು ಭಾರೀ ಶಿಸ್ತಿನ ಮನುಷ್ಯ.

ಯಂತ್ರ ಗುಂಯ್ ಎಂದಿತು. ನೋವು ಮರೆಯಲು ಮುಖ್ಯಮಂತ್ರಿಯಿಂದ ಹಿಡಿದು ಸಿಟಿ ಬಸ್ಸಿನ ಕಂಡಕ್ಟರನವರೆಗೆ ಎಲ್ಲರನ್ನೂ ಕರೆಸಿದೆ. ಅವನು ನಗುತ್ತ, "ಹಿಲ್ನಾ ನಕ್ಕೋ," ಅಲುಗಾಡಬೇಡ ಎಂದು ಬೈಯುತ್ತ, ಚೌಕ ಮುಗಿಸಿದ, ಮೂರು ಬದಿ ಚುಕ್ಕಿ ಇಟ್ಟ. ಆಮೇಲೆ ನಾಲ್ಕನೆಯ ಬದಿಯನ್ನು ಕೊನೆಗಿಟ್ಟು ಸೂಜಿಯನ್ನು ಬಳ್ಳಿಯ ಬುಡಕ್ಕೆ ತಂದ.

ಕೈ ತಾನಾಗಿ ಎಳೆದುಕೊಂಡಿತು. ನಾನು ಎಳೆಯಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಸೂಜಿ ಚರ್ಮದೊಳಗೆ ಇದ್ದಂತೆಯೇ ಕೈ ಮೊಣಕೈಯ ದಿಕ್ಕಿಗೆ ಜಗ್ಗಿತು. ಫೋಟೋದಲ್ಲಿದ್ದ ಗೆರೆಯ ಅದೇ ಓರೆ, ಅದೇ ತಿರುವು. ಅದೇ ಹೊತ್ತಿಗೆ ಕರೆಂಟು ಹೋಯಿತು. ಯಂತ್ರ ನಿಂತಿತು, ಫ್ಯಾನು ನಿಂತಿತು, ಕೆಳಗೆ ಒಪ್ಪಿಸುತ್ತಿದ್ದ ಹುಡುಗರೂ ನಿಂತರು. ಆ ನಿಶ್ಶಬ್ದದಲ್ಲಿ ಒಂದು ಚಿಕ್ಕ ಹುಡುಗಿ ಅಳುತ್ತಿದ್ದಳು.

"ಬ್ಯಾಡ್ರಿ... ಕೈ ಬಿಡ್ರಿ... ನಾ ನೀರು ಮುಟ್ಟಂಗಿಲ್ಲ, ಯಾರಿಗೂ ಕೊಡಂಗಿಲ್ಲ... ಕೈ ಬಿಡ್ರಿ ಅತ್ತಿ..."

ಯಾರ ಮಗುವೋ ಮೆಟ್ಟಿಲ ಮೇಲೆ ಬಂದಿರಬೇಕೆಂದು ಬಾಗಿಲ ಕಡೆ ತಿರುಗಿದೆ. ದನಿಯೂ ನನ್ನ ಜೊತೆ ತಿರುಗಿತು. ಹಚ್ಚೆಯವನು ನನ್ನ ಬಾಯನ್ನೇ ನೋಡುತ್ತ ಹಿಂದೆ ಸರಿದು ಗೋಡೆಗೆ ಅಂಟಿದ್ದ. ನಾನು ಎಡಗೈಯಿಂದ ಬಾಯಿ ಮುಚ್ಚಿಕೊಂಡಾಗ ಅಳು ನಿಂತಿತು.

"ಯೇ ಕಿಸ್ಕಿ ಆವಾಜ್ ಥೀ?" ಯಾರ ದನಿ ಅದು ಎಂದು ಕೇಳಿದ ಅವನು.

ಕರೆಂಟು ಬರುವವರೆಗೆ ಕಾಯಲಿಲ್ಲ. ಮೂಲೆಯಿಂದ ಜಿಗಿದಿದ್ದ ಗಿಡ್ಡ ಗೆರೆಯ ಸಮೇತ ಎದ್ದು ಬಂದೆ. ದಾರಿಯುದ್ದಕ್ಕೂ ಆ ದನಿಯನ್ನು ಮತ್ತೊಮ್ಮೆ ತೆಗೆಯಲು ನೋಡಿದೆ; ಆಗಲಿಲ್ಲ. ಕೇಳಿದ ದನಿಯನ್ನಷ್ಟೇ ನಾನು ತೆಗೆಯಬಲ್ಲೆ. ಅಜ್ಜಿಯನ್ನು ನಾನು ಕಂಡದ್ದೇ ಮುದುಕಿಯಾಗಿ. ಧೂಳಿನಲ್ಲಿ ನಡೆಯುತ್ತ ಒಂದು ಮಾತ್ರ ಸ್ಪಷ್ಟವಾಗಿತ್ತು. ಅವಳ ಮುಂಗೈ ಮೇಲೆ ಬಳ್ಳಿ ಎಂಬುದು ಇರಲೇ ಇಲ್ಲ. ಹೆಂಗಸರೆಲ್ಲ ಸೇರಿ ಹಿಡಿದಿದ್ದ ಒಂದು ಪುಟ್ಟ ಕೈ ಬಿಡಿಸಿಕೊಳ್ಳಲು ಜಗ್ಗಿದ ಗುರುತು ಅದು. ಅದನ್ನೇ ನಾವು ಚಂದ, ಚಂದ ಎಂದು ಬಂದವರಿಗೆಲ್ಲ ಎತ್ತಿ ತೋರಿಸುತ್ತಿದ್ದೆವು.

ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. "ಇಷ್ಟೇನಾ? ಬಳ್ಳಿ ಎಲ್ಲೋ?" ಎಂದಳು ಅತ್ತೆ. ನಾನು ಅಜ್ಜಿಯ ಮಂಚದ ಮೇಲೆ ಕೂತು ಕೈ ಚಾಚಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ತಂದು ನನ್ನ ಹಸಿ ಗಾಯದ ಮೇಲೆ ಇಟ್ಟಳು. ಉರಿಯಿತು. ಚೌಕ ಮುಚ್ಚಿದರೆ ಚುಕ್ಕಿ ಕಾಣುತ್ತಿತ್ತು. ಅಂಗೈಯನ್ನು ಮೇಲೆ ಸರಿಸಿದಳು. ಚುಕ್ಕಿ ಮುಚ್ಚಿದರೆ ಗೆರೆ ಕಾಣುತ್ತಿತ್ತು, ಕೆಳಗೆ ಸರಿಸಿದಳು. ಮೇಲೆ ಕೆಳಗೆ, ಮೇಲೆ ಕೆಳಗೆ. ಆ ಅಂಗೈ ಸವರುತ್ತಿರಲಿಲ್ಲ. ಮುಚ್ಚಲು ಸಾಲುತ್ತಿರಲಿಲ್ಲ, ಅಷ್ಟೇ.

"ಹರಸಾಕತ್ತಾಳ!" ಅತ್ತೆ ಕೈಮುಗಿದಳು. "ಏನಂತಾಳೋ? ಲಗೂನ ಹೇಳು!"

"ನನಗೆ ಗೊತ್ತಿಲ್ಲ ಅತ್ತೆ," ಎಂದೆ.

ಯಾವ ದನಿಯನ್ನೂ ತೆಗೆಯದೆ ಆಡಿದ ಮಾತು. ಅಪ್ಪ, ಅಮ್ಮ, ಅತ್ತೆ, ಮೂವರೂ ಯಾರೋ ಬಂದರೆಂದು ಬಾಗಿಲ ಕಡೆ ನೋಡಿದರು.

ಎದ್ದು ಹೋಗಿ ನನ್ನದೊಂದು ತುಂಬುತೋಳಿನ ಅಂಗಿ ತಂದೆ. ನೈಟಿಯ ಮೇಲೆಯೇ, ಸತ್ತ ಕೈಯನ್ನು ಮೊದಲು ತೂರಿಸಿ, ತೊಡಿಸಿದೆ. "ಏ ಹುಚ್ಚ, ಇಂಥಾ ಸೆಖಿಯಾಗ!" ಎಂದು ಅತ್ತೆ ತಡೆಯಲು ಬಂದಳು. ಬಲಗೈಯ ತೋಳನ್ನು ಮಣಿಕಟ್ಟಿಗೆ ಎಳೆದು ಗುಂಡಿ ಹಾಕಿದೆ. ಅಜ್ಜಿಯ ಎಡಗೈ ಗುಂಡಿಯ ಮೇಲೆ ಒಮ್ಮೆ ಬಂತು, ಅದು ಬಿಗಿಯಾಗಿದೆಯೇ ಎಂದು ನೋಡಿತು, ಮಡಿಲಿಗೆ ಹೋಗಿ ಮಲಗಿತು. ಮತ್ತೆ ಏಳಲಿಲ್ಲ.

ತುಟಿ ಮಾತ್ರ ಆಡತೊಡಗಿತು. ಅವಳು ನಮ್ಮ ಕಡೆ ನೋಡುತ್ತಿರಲಿಲ್ಲ. ಬಾಗಿಲ ಹತ್ತಿರ, ನಮಗೆ ಕಾಣದ ಯಾರಿಗೋ, ಬಹುಶಃ ಅಂದು ಕೈ ಹಿಡಿದಿದ್ದ ಆ ಹೆಂಗಸರಿಗೆ, ಉದ್ದನೆಯದೊಂದನ್ನು ಬಿಡದೆ ಹೇಳುತ್ತಿದ್ದಳು. ನನ್ನ ಬಾಯೊಳಗೆ ನಾಲಿಗೆ ತಾನಾಗಿ ಅದರ ಜೊತೆ ಹೊರಳುತ್ತಿತ್ತು. ಅದು ಅವಳೇ ಆಡಬೇಕಾದ ಮಾತೆಂದು ಹಲ್ಲು ಕಚ್ಚಿ ಹಿಡಿದು, ಅವಳು ಹೇಳಿ ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದೆ.