ಅತ್ತಿಗೆ ಆರಿಸಿದ ಇಕ್ಕಳ

ಅತ್ತಿಗೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸುಲಿದ ತಾಮ್ರದ ತಂತಿಯ ಮೇಲೆ ಆ ಉಗುರು ಎಳೆದು, ಎಲ್ಲಾದರೂ ಗಾಯವಾಗಿದೆಯೇ ಎಂದು ನೋಡುವುದು ಅವರ ಅಭ್ಯಾಸ. ಗಾಯ ಸಿಕ್ಕರೆ ತಂತಿಯನ್ನು ನನ್ನ ಮುಂದೆ ಎಸೆಯುತ್ತಿದ್ದರು.

ನನ್ನ ಅಣ್ಣ ದೊಡ್ಡಬಳ್ಳಾಪುರದ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ವೈರಿಂಗ್ ಕೆಲಸ ಮಾಡುತ್ತಿದ್ದ. ಆ ಮನುಷ್ಯ ಆಳುಗಳಿಗೆ ಚಾಕು ಬಿಟ್ಟರೆ ಬೇರೆ ಹತಾರ ಕೊಡುತ್ತಿರಲಿಲ್ಲ. ಚಾಕುವಿನಲ್ಲಿ ರಬ್ಬರು ಕೆರೆದು, ತಂತಿಯ ತುದಿಯನ್ನು ಸ್ಕ್ರೂಗೆ ಸುತ್ತಿ ಬಿಡಬೇಕು, ಅಷ್ಟೆ. ಎರಡನೇ ಮಹಾಯುದ್ಧ ಮುಗಿದ ವರ್ಷ ಊರಾಚೆಯ ಅಕ್ಕಿ ಮಿಲ್ಲಿನಲ್ಲಿ ಹಾಗೆ ಸುತ್ತಿದ್ದ ತಂತಿಯೊಂದು ಅದುರಿ ಅದುರಿ ತುಂಡಾಗಿ ಮೋಟಾರಿನ ಮೈಗೆ ತಾಗಿತ್ತು. ಮೋಟಾರು ಮುಟ್ಟಿದ ಅಣ್ಣ ಮತ್ತೆ ಏಳಲಿಲ್ಲ. ಹೆಣ ಇನ್ನೂ ಮಿಲ್ಲಿನ ಅಂಗಳದಲ್ಲಿರುವಾಗಲೇ ಕಂಟ್ರಾಕ್ಟರ, ಅವನು ಕುಡಿದು ಬಂದಿದ್ದ ಎಂದು ಎಲ್ಲರಿಗೂ ಹೇಳಿದ. ಅಣ್ಣ ಹೆಂಡ ಮುಟ್ಟಿದವನಲ್ಲ. ಆದರೂ ಊರು ನಂಬಿತು.

ತಿಥಿ ಮುಗಿದ ಮೇಲೆ ಅತ್ತಿಗೆ ನನ್ನನ್ನು ಕೂರಿಸಿಕೊಂಡು, ವೈರಿಂಗ್ ಅಂಗಡಿ ಇಡೋಣ ಎಂದರು. ನಾನೂ ಅದೇ ಕಸುಬಿನವನು. ಎಲ್ಲಿ ಎಂದು ಕೇಳಿದೆ.

"ಅವನ ಅಂಗಡಿ ಎದುರಿಗೇ. ದಿನಾ ಬಾಗ್ಲು ತೆಗ್ದಾಗ ಅವನಿಗೆ ನನ್ನ ಮುಖ ಕಾಣ್ಬೇಕು."

ಯುದ್ಧದಲ್ಲಿ ಮಿಕ್ಕ ಮಿಲಿಟರಿ ಸಾಮಾನು ಆಗ ಬೆಂಗಳೂರಿನ ಗುಜರಿ ಅಂಗಡಿಗಳಿಗೆ ಬಂದು ಬೀಳುತ್ತಿತ್ತು. ನಾವು ಅಲ್ಲಿಗೆ ಹೋದಾಗ ಅತ್ತಿಗೆ ಮನೆಯಿಂದಲೇ ಒಂದು ಸುತ್ತು ತಂತಿ ತಂದಿದ್ದರು. ಅಂಗಡಿಯವನು ಮೊದಲು ಫಳಫಳ ಹೊಳೆಯುವ ಸುಲಿಯುವ ಇಕ್ಕಳ ಕೊಟ್ಟ. ಅದು ರಬ್ಬರಿನ ಜೊತೆ ತಾಮ್ರದ ಎಳೆಗಳನ್ನೂ ಕತ್ತರಿಸಿತು. ಇದು ಆ ಚಾಕುವಿನ ತಮ್ಮ ಎಂದು ಅತ್ತಿಗೆ ಅದನ್ನು ಪಕ್ಕಕ್ಕಿಟ್ಟರು. ಕೊನೆಗೆ ಆರಿಸಿದ್ದು ಹಿಡಿ ಸವೆದ ಹಳೆಯದೊಂದನ್ನು. ತಂತಿಯ ದಪ್ಪಕ್ಕೆ ತಕ್ಕಂತೆ ಅದಕ್ಕೆ ಬೇರೆ ಬೇರೆ ಕಚ್ಚುಗಳಿದ್ದವು. ಒಂದು ಎಳೆಯೂ ಕೆಡದೆ ರಬ್ಬರು ಬಾಳೆಹಣ್ಣಿನ ಸಿಪ್ಪೆಯಂತೆ ಬಂತು.

ಆಮೇಲೆ ಲಗ್ ಒತ್ತುವ ಇಕ್ಕಳ. ತಂತಿಯ ತುದಿಗೆ ಲಗ್ ಎಂಬ ತಾಮ್ರದ ಉಂಗುರ ತೊಡಿಸಿ ಬಿಗಿಯಾಗಿ ಒತ್ತುವ ಸಾಧನ. ಒತ್ತಿದ ಲಗ್ಗನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು ಎಳೆ ಎಂದರು. ಒಂದರಲ್ಲಿ ಲಗ್ ಜಾರಿತು, ಇನ್ನೊಂದರಲ್ಲಿ ಬಿರಿಯಿತು. ಉದ್ದ ಹಿಡಿಯ ಒಂದರಲ್ಲಿ ಮಾತ್ರ ತಂತಿಯೇ ಹರಿದು ನಾನು ನೆಲಕ್ಕೆ ಬಿದ್ದೆ, ಲಗ್ ಹಾಗೇ ಕಚ್ಚಿಕೊಂಡಿತ್ತು. ಹೆಂಗಸರಿಗೆ ಇದೆಲ್ಲ ಯಾಕಮ್ಮ ಎಂದು ಅಂಗಡಿಯವನು ನಕ್ಕ.

"ಒಬ್ಬರ ಅಂಗಡಿ ಮುಚ್ಚಿಸ್ಬೇಕು," ಎಂದರು ಅತ್ತಿಗೆ.

ಕಂಟ್ರಾಕ್ಟರನ ಎದುರಿಗೇ ಅಂಗಡಿ ತೆರೆದು, ಆ ಇಕ್ಕಳಗಳನ್ನು ಹಿಡಿದು ನಾವು ಮಿಲ್ಲಿನಿಂದ ಮಿಲ್ಲಿಗೆ, ಮಗ್ಗದ ಶೆಡ್ಡಿನಿಂದ ಶೆಡ್ಡಿಗೆ ಹೋದೆವು. ಮೈನ್ ಸ್ವಿಚ್ ಆರಿಸಿದ ಮೇಲೆ ಅತ್ತಿಗೆ ಕಂಟ್ರಾಕ್ಟರ ಸುತ್ತಿಸಿದ್ದ ತಂತಿಯನ್ನು ಎರಡು ಬೆರಳಲ್ಲಿ ಎಳೆಯುವರು. ಅದು ಕಿತ್ತುಬಂದರೆ ಮಾಲೀಕನ ಅಂಗೈಯಲ್ಲಿ ಇಡುವರು. ನಮ್ಮ ಯಜಮಾನರು ಸತ್ತಿದ್ದು ಇಂಥದರಿಂದಲೇ, ನಿಮ್ಮಲ್ಲಿ ಯಾರನ್ನು ಸ್ಮಶಾನಕ್ಕೆ ಕಳಿಸಬೇಕು ಅಂತಿದ್ದೀರಿ ಎಂದು ತಣ್ಣಗೆ ಕೇಳುವರು. ಒಬ್ಬೊಬ್ಬರಾಗಿ ಎಲ್ಲರೂ ನಮ್ಮ ಕಡೆ ಬಂದರು. ಅವನ ಆಳುಗಳೂ ಬಂದರು.

ಕೊನೆಗೆ ಅವನೇ ರಸ್ತೆ ದಾಟಿ ಬಂದು, ಏನಾದರೂ ಕೆಲಸ ಕೊಡಿ ತಾಯಿ ಎಂದ. ಮೊದಲು ಮಿಲ್ಲಿನ ಅಂಗಳದಲ್ಲಿ ನಿಜ ಹೇಳಿ, ಆಮೇಲೆ ಮಾತಾಡೋಣ ಎಂದರು ಅತ್ತಿಗೆ.

ಮಾರನೆಯ ದಿನ ಕೆಲಸದವರೆಲ್ಲ ಸೇರಿದಾಗ ಅವನು ತಲೆ ತಗ್ಗಿಸಿ ಏನೋ ಗೊಣಗಿದ.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ," ಎಂದರು ಅತ್ತಿಗೆ.

"ಅವನು ಕುಡಿದಿರ್ಲಿಲ್ಲ. ತಂತಿ ಕೆಟ್ಟಿತ್ತು. ನಾನೇ ಸುಳ್ಳು ಹೇಳ್ದೆ."

ಕೆಲಸಕ್ಕೆ ಎಂದಿನಿಂದ ಬರಲಿ ಎಂದು ಅವನು ಕೇಳಿದ.

"ಮಾತಾಡಾಣ ಅಂದಿದ್ದೆ. ಮಾತಾಡಿದ್ದಾಯ್ತು. ಹೋಗಿ."

ಅವನು ಅಂಗಡಿ ಮುಚ್ಚಿ ಮಧುರೆ ಕಡೆ ಹೋದ. ಇನ್ನು ಸಿಟ್ಟು ಸಾಕಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅತ್ತಿಗೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಅವನು ಸತ್ತ ಸುದ್ದಿ ಬಂದ ದಿನ ಮನೆಯಲ್ಲಿ ಒಬ್ಬಟ್ಟು ಮಾಡಿದರು. ನಾನೂ ತಿಂದೆ.

ಅತ್ತಿಗೆ ಹಾಸಿಗೆ ಹಿಡಿದಾಗ ನೆಂಟರೊಬ್ಬರು, ಎಲ್ಲರನ್ನೂ ಕ್ಷಮಿಸಿಬಿಡಮ್ಮ ಎಂದರು. "ಎಲ್ಲಾರ್ನೂ ಬಿಟ್ಟಿದೀನಿ. ಅವನೊಬ್ಬನ್ನ ಬಿಡಲ್ಲ," ಎಂದರು. ಆ ವಾರವೇ ತೀರಿಹೋದರು.

ಅಷ್ಟು ಸಿಟ್ಟು ಒಳ್ಳೆಯದಲ್ಲ ಎನ್ನುವವರು ಈಗಲೂ ಇದ್ದಾರೆ. ಇರಬಹುದು. ಅಣ್ಣನ ಹೆಸರು ಶುದ್ಧವಾದದ್ದು ಆ ಸಿಟ್ಟಿನಿಂದ. ನನ್ನ ಮಕ್ಕಳು ಬೆಳೆದದ್ದು ಅದು ದುಡಿದು ತಂದ ಅನ್ನದಲ್ಲಿ. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.